ಬಾಗಿಲಂಚಿನ ಹಳದಿ ಚೀಟಿ

ಐದನೇ ಚಕ್ರ ಎನ್ನುತ್ತಾರೆ, ಉರುಳುವುದಿಲ್ಲ ಅದು.
ಟ್ರಕ್ಕಿನ ಬೆನ್ನ ಮೇಲೆ, ಹಿಂದಿನ ಅಚ್ಚಿನ ನೇರಕ್ಕೆ
ಕುದುರೆಲಾಳದ ಹಾಗೆ ಬಾಯ್ದೆರೆದ ಉಕ್ಕಿನ ತಟ್ಟೆ.
ಗ್ರೀಸು ಮೆತ್ತಿದ ಆ ಬಾಯಿಗೆ
ಮೂವತ್ತನಾಲ್ಕು ಅಡಿಯ ಮನೆಯೊಂದು ಬಂದು
ತನ್ನ ಗದ್ದ ಊರುತ್ತದೆ.

"ಎಳೆಯುವುದು ಯಾರಿಂದಲೂ ಆದೀತು," ಎಂದ ವರ್ಲಿನ್,
"ಆ ಗದ್ದ ಹೊರಬೇಕಲ್ಲ."

ಮೂವತ್ತೆಂಟು ವರ್ಷ ಧಾನ್ಯದ ಗೋದಾಮಿನಲ್ಲಿ
ಲಾರಿ ತೂಗಿದವನು.
ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ,
ನಡುವೆ ಉಳಿದದ್ದೇ ಗೋಧಿ.
ಮುಖ ನೋಡದೆ ಚೀಟಿ ಹರಿದು ಕೊಟ್ಟವನು,
ನನ್ನ ತಮ್ಮನಿಗೂ.

ರ್‍ಯಾಪಿಡ್ ಸಿಟಿಯ ಮಾರಾಟದ ಬಯಲಲ್ಲಿ ಮಾರ್ಚಿನ ಗಾಳಿ,
ಸಾಲು ಬಾವುಟ ಪಟಪಟ.
ಕೋಲ್ಬಿ ಎಂಬ ಹುಡುಗ ಬಾನೆಟ್ಟು ತಟ್ಟಿ
"ಇದು ಚರ್ಚನ್ನೇ ಎಳೆದೀತು, ಭಕ್ತರ ಸಮೇತ," ಎಂದ.
ನಾನು ಕೆಂಪು ಬಣ್ಣ ನೋಡುತ್ತಿದ್ದೆ,
ಕೂತರೆ ಬೆಚ್ಚಗಾಗುವ ಸೀಟು.
ವರ್ಲಿನ್ ಬಾಗಿಲು ತೆರೆದು
ಮಂಡಿ ಲಟಲಟವೆನಿಸಿ ಕುಕ್ಕುರುಗಾಲಲ್ಲಿ ಕೂತು
ಅಂಚಿಗಂಟಿಸಿದ ಹಳದಿ ಚೀಟಿ ಓದಿದ,
ಮಗುವಿನ ಜ್ವರ ನೋಡುವವನಂತೆ.
ಎರಡು ಸಾವಿರದ ಮುನ್ನೂರ ಅರವತ್ತು.
"ಹೊರಲಾರದು."
"ಎಂಜಿನ್ನು ಎಷ್ಟು ದೊಡ್ಡದು ನೋಡಿ!"
"ಕೂಗು ದೊಡ್ಡದು. ಸ್ಪ್ರಿಂಗು ಅಲ್ಲ."

ಎರಡನೆಯದು ಬೂದು, ಡೀಸೆಲ್ಲು.
ಚೀಟಿಯಲ್ಲಿ ಮೂರು ಸಾವಿರದ ಏಳುನೂರು.
ಜೇಬಿನಿಂದ ಕಾಗದ ತೆಗೆದ, ಆಗಲೇ ಅರ್ಧ ತುಂಬಿದ್ದು.
ಗದ್ದದ ಭಾರ ಎರಡು ಸಾವಿರದ ಎಂಟುನೂರ ಐವತ್ತು,
ತಟ್ಟೆ ನೂರ ತೊಂಬತ್ತು, ತಾನು ಇನ್ನೂರ ಐದು,
ನಾಯಿ ಎಂಬತ್ತು.
"ನಿನ್ನದೆಷ್ಟು?"
ಮದುವೆಯಾಗಿ ನಲವತ್ತೊಂದು ವರ್ಷ, ಕೇಳಿದ್ದು ಅದೇ ಮೊದಲು.
"ನೂರೈವತ್ತು," ಎಂದೆ, ಬಾವುಟ ನೋಡುತ್ತ.

ಮನಸ್ಸಿನಲ್ಲೇ ಕೂಡಿದೆ, ಕಳೆದೆ.
ಇನ್ನೂರ ಇಪ್ಪತ್ತೈದು ಉಳಿಯಿತು, ಸಾಕು.
ನನ್ನ ಅಗೇಟು ಕಲ್ಲುಗಳ ಸುದ್ದಿ ಎತ್ತಲಿಲ್ಲ:
ಹುಲ್ಲುಗಾಡಿನ ಒಣತೊರೆಗಳಲ್ಲಿ
ಸೊಂಟ ಬಿದ್ದುಹೋಗುವಂತೆ ಬಗ್ಗಿ ಆರಿಸಿದ್ದು,
ಮೂರು ಬಕೆಟ್ಟು.
ಹಿಂದಿನ ಸೀಟಿನ ಕೆಳಗಿಟ್ಟು ಕಂಬಳಿ ಹೊದಿಸಿದರಾಯಿತು.

"ಮೂವತ್ತೇಳು ಪೌಂಡು ಹೆಚ್ಚು," ಎಂದ ವರ್ಲಿನ್.
ಕೋಲ್ಬಿ ನಕ್ಕ. "ಮೂವತ್ತೇಳೇ! ನಾಯಿಗೆ ಉಪವಾಸ ಹಾಕಿ."
"ಇಳಿಜಾರಿಗೆ ಹೇಳು ಅದನ್ನ."
ಹೆಚ್ಚು ಹೇಗಾದೀತು?
ಗೋದಾಮು ಬಿಟ್ಟು ವರ್ಷವಾಗಿಲ್ಲ,
ಲೆಕ್ಕ ಅವನ ಕೈತಪ್ಪಿದೆ.
ಪಾಪ ಎನಿಸಿತು. ತಿದ್ದಲಿಲ್ಲ.

ಕೊನೆಗೆ ಸಿಕ್ಕಿದ್ದು ಜೇನು ಸಾಕುವವನೊಬ್ಬನದು.
ಕಂದು. ಹಿಂದೆ ಜೋಡಿ ಜೋಡಿ ಚಕ್ರ,
ಗಬ್ಬದ ಹಸು ಕಾಲಗಲಿಸಿ ನಿಂತ ಹಾಗೆ.
ತಿರುವಿನಲ್ಲಿ ಮನೆಯ ಮೂತಿ ಕ್ಯಾಬಿನ್ನಿಗೆ ತಾಗದಂತೆ
ಎಂಟಡಿ ಉದ್ದದ ಬೆನ್ನು.
ಹರಿದ ಸೀಟಿಗೆ ಮೇಣದ ವಾಸನೆ,
ಗಾಜಿನ ಮೂಲೆಯಲ್ಲಿ ಸತ್ತ ಹುಳು ಒಂದು.
ಬೆಟ್ಟದ ಇಳಿಜಾರಿನಲ್ಲಿ, ಹಿಂದೆ ಮನೆ ಕಟ್ಟಿಕೊಂಡು,
ಕಾಲು ತೆಗೆದ. ಟ್ರಕ್ಕು ಒಮ್ಮೆ ಗುರುಗುಟ್ಟಿ
ಇಡೀ ಭಾರವನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು.
ಎತ್ತು ಏರಿಗೆ, ಕೋಣ ನೀರಿಗೆ ಆಗಲಿಲ್ಲ.
ವರ್ಲಿನ್ ಸಿಳ್ಳೆ ಹಾಕಿದ, ರಾಗವಿಲ್ಲದ್ದು.
ಬೆಚ್ಚಗಾಗುವ ಸೀಟು ಮಾತ್ರ ಹೋಯಿತು.

ಜೂನಿನಲ್ಲಿ, ವ್ಯೋಮಿಂಗಿನ ಒಂದು ಬಂಕಿನಲ್ಲಿ,
ವಿಮೆಯ ಕಾಗದ ಹುಡುಕುತ್ತ ಡ್ಯಾಶಿನ ಗೂಡು ತೆರೆದೆ.
ನಾಲ್ಕಾಗಿ ಮಡಚಿದ್ದು, ಪೆನ್ಸಿಲ್ಲಿನ ಬರಹ.
ಎಲ್ಲಕ್ಕಿಂತ ಮೇಲೆ, ಮೊದಲ ಸಾಲು:
ಆರ್ಡಿತಳ ಕಲ್ಲು, ೨೪೦.
ಕೊನೆಯ ಸಾಲು, ನಾಯಿಯಾದ ಮೇಲೆ:
ಆರ್ಡಿತ್, ೧೭೨.

ಹೊರಗೆ ಅವನು ಜೋಡಿ ಚಕ್ರಗಳ ನಡುವೆ
ಕೈ ತೂರಿಸಿ ಬಿಸಿ ನೋಡುತ್ತಿದ್ದ.
"ಸಿಕ್ಕಿತಾ?" ಎಂದು ಕೂಗಿದ.

ಮಡಚಿ ಇಟ್ಟೆ.
"ಬೂಟು ಬಿಚ್ಚಿದರೆ ನೂರ ಎಪ್ಪತ್ತೇ,"
ಎಂದೆ.